ಕರಿಯಮ್ಮನ ಹೆಸರಿನ ಮನೆ

ನನ್ನ ಮೊಮ್ಮಗಳು ಸಿಕ್ಕಳು! ಆರು ವರ್ಷದ ಹುಡುಗಿ. ಮುಂದಿನ ಎರಡು ಹಲ್ಲು ಬಿದ್ದಿವೆ, ಎಡಗೈಯಲ್ಲಿ ಚಿತ್ರ ಬರೆಯುತ್ತಾಳೆ, ಕೂದಲು ಥೇಟ್ ಕುರಿಮರಿಯ ಉಣ್ಣೆ. ನಿನ್ನೆ ಮಧ್ಯಾಹ್ನ ಅವಳ ಕೆನ್ನೆಯನ್ನು ಈ ಎರಡು ಕೈಯಿಂದ ಮುಟ್ಟಿದೆ. ಇದನ್ನು ಮೊದಲು ಹೇಳದೆ ಬೇರೇನನ್ನೂ ಬರೆಯಲು ನನ್ನಿಂದಾಗದು. ಬೆಳಿಗ್ಗೆ ಎದುರು ಮನೆಯ ಫಿಲಿಪಿನೋ ಅಜ್ಜಿಗೆ ಹೇಳಿದೆ, ಪೋಸ್ಟು ತಂದವನಿಗೆ ಹೇಳಿದೆ. ಇಬ್ಬರಿಗೂ ನನ್ನ ಮಾತು ತಿಳಿಯಲಿಲ್ಲ, ಇಬ್ಬರೂ ನಕ್ಕರು. ಈಗ ನಿಮಗೆ ಹೇಳುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು, ಸಾಲು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸಂತೋಷದ ಮಾತು ಇಷ್ಟು. ಇದರ ಹಿಂದಿನದೆಲ್ಲ ದುಃಖದ್ದೇ.

ನನ್ನ ಮಗಳು ಕೊರೊನಾದ ಮೊದಲನೇ ವರ್ಷ ಲಾಸ್ ಏಂಜಲೀಸಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮಗುವಿಗೆ ಆಗ ಹನ್ನೊಂದು ತಿಂಗಳು. ನಾನು ದಾವಣಗೆರೆಯಲ್ಲಿದ್ದೆ, ವಿಮಾನಗಳು ನಿಂತಿದ್ದವು. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಾಗ ಅಳಿಯ ಫೋನ್ ಮಾಡಿ "ಅತ್ತೆ" ಅಂದ. ಮುಂದೆ ಅವನಿಗೆ ಮಾತು ಬರಲಿಲ್ಲ, ನನಗೆ ಬಂತು. ಅಂಗಡಿಗೆ ಹೋಗಿಬರುತ್ತಿದ್ದವನು ಅವನೊಬ್ಬನೇ, ಮೊದಲು ಜ್ವರ ಬಂದದ್ದೂ ಅವನಿಗೇ. "ನೀನೇ ಹೊರಗಿಂದ ತಂದು ನನ್ನ ಮಗಳನ್ನ ಕೊಂದೆ. ಮಗೂನಾದ್ರೂ ಉಳಿಸ್ತೀಯೋ ಇಲ್ಲೋ" ಅಂದೆ. ಒಂದು ಸಲವಲ್ಲ, ಹದಿಮೂರು ದಿನವೂ ಅಂದೆ. ಹದಿನಾಲ್ಕನೇ ದಿನದಿಂದ ಅವನು ಫೋನ್ ಎತ್ತಲಿಲ್ಲ, ನನ್ನ ಮಗ ಮಾಡಿದರೂ ಎತ್ತಲಿಲ್ಲ. ಆಮೇಲೆ ಆ ನಂಬರೇ ಇಲ್ಲವಾಯಿತು. ಅವನಿಗೆ ತಂದೆ ತಾಯಿ ಇಲ್ಲ, ಕೇಳೋಣವೆಂದರೆ ಅವನ ಕಡೆಯವರು ಯಾರೂ ಇಲ್ಲ.

ಮೂರು ವರ್ಷದ ಮೇಲೆ ಮಗ ನನ್ನನ್ನು ಸ್ಯಾನ್ ಡಿಯಾಗೋಗೆ ಕರೆಸಿಕೊಂಡ. ಮಗ ಆ ಊರಿನ ಕರ್ನಿ ಮೆಸಾ ಬಡಾವಣೆಯ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾನೆ. ಅಳಿಯ ಹಿಂದೆ ಆ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಬೆಂಗಳೂರಿನ ಇಂಜಿನಿಯರ್. ಮಗನೇ ಮಾತಾಡಿ ತಂಗಿಯನ್ನು ಕೊಟ್ಟಿದ್ದ. ಮದುವೆಯಾದ ಮೇಲೆ ಅಳಿಯನಿಗೆ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನ ಕಂಪನಿಯಲ್ಲಿ ಕೆಲಸವಾಗಿ ಅಲ್ಲೇ ಅಪಾರ್ಟ್‌ಮೆಂಟ್ ಹಿಡಿದಿದ್ದರು. ನಾನು ಬಂದ ವಾರವೇ ಮಗ ಅಲ್ಲಿಗೆ ಕರೆದುಕೊಂಡು ಹೋದ. ಬಾಗಿಲು ತೆಗೆದವರು ಯಾರೋ ಕೊರಿಯಾದವರು. ಕಂಪನಿಯಲ್ಲಿ, ಅವನು ಬಿಟ್ಟು ಹೋಗಿ ಬಹಳ ದಿನವಾಯಿತು ಎಂದರು. ಅಲ್ಲಿಯ ಮ್ಯಾನೇಜರು ಹೊಸ ವಿಳಾಸ ಹೇಳುವಂತಿಲ್ಲ ಎಂದು ಕೈಮುಗಿದ.

ಆಮೇಲೆ ನಾನು ಕೆಲಸಕ್ಕೆ ಸೇರಿದೆ. ಮೈಸೂರಿನ ಡಾಕ್ಟ್ರಮ್ಮನೊಬ್ಬರನ್ನು ನೋಡಿಕೊಳ್ಳುವ ಕೆಲಸ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ನಲವತ್ತು ವರ್ಷ ಇಲ್ಲಿ ಹೆರಿಗೆ ಮಾಡಿಸಿದವರು, ಗಂಡ ಇಲ್ಲ, ಮಕ್ಕಳಾಗಲಿಲ್ಲ. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ಓಡಾಟ ವೀಲ್‌ಚೇರಿನಲ್ಲಿ. ಸ್ನಾನ ಮಾಡಿಸಬೇಕು, ಅಡಿಗೆ ಮಾಡಬೇಕು, ಆ ಕೈಗೆ ಎಣ್ಣೆ ಹಚ್ಚಿ ನೀವಬೇಕು, ಸ್ಪಂಜಿನ ಚೆಂಡು ಹಿಡಿಸಿ ಅಮುಕಿಸಬೇಕು. ಕೈ ಹೋಗಿದ್ದರೂ ಬಾಯಿ ಹೋಗಿರಲಿಲ್ಲ.

"ಏನೇ, ಈರುಳ್ಳಿ ಆಗಿದ್ರೆ ಸರಿ. ಹುರುಳಿಕಾಯಿ ಹೆಚ್ಚೋವಾಗ ಯಾರೇ ಅಳ್ತಾರೆ?" ಎಂದು ಒಂದು ದಿನ ಕೇಳಿದರು.

ಅವತ್ತು ಎಲ್ಲ ಹೇಳಿದೆ. ನಾನು ಆಡಿದ ಮಾತನ್ನೂ ಬಿಡದೆ ಹೇಳಿದೆ. ಡಾಕ್ಟ್ರಮ್ಮ ಸಮಾಧಾನ ಹೇಳಲಿಲ್ಲ. "ಅಂಥಾ ಮಾತು ಅಂದ್ರೆ ಯಾರು ಫೋನ್ ಎತ್ತುತಾರೆ?" ಅಂದರು. ಆಮೇಲೆ, "ಈ ಊರಲ್ಲಿ ಮನುಷ್ಯ ತಪ್ಪಿಸ್ಕೋಬಹುದು, ಕಾಗದ ತಪ್ಪಿಸ್ಕೊಳಲ್ಲ. ಹುಟ್ಟು, ಸಾವು, ಮದುವೆ, ಮನೆ, ಎಲ್ಲಾ ಕೌಂಟಿ ಆಫೀಸಲ್ಲಿ, ನಮ್ಮ ಜಿಲ್ಲಾ ಕಚೇರಿ ಇದ್ದ ಹಾಗೆ, ಅಲ್ಲಿ ಬಿದ್ದಿರತ್ತೆ. ನಮ್ಮ ಯಜಮಾನರು ಹೋದಾಗ ಒಂದು ವರ್ಷ ಅಲೆದಿದೀನಿ. ಆ ಕಂಪ್ಯೂಟರ್ ತಳ್ಕೊಂಡು ಬಾ ಇಲ್ಲಿ" ಎಂದರು.

ಹಾಗೆ ಶುರುವಾಯಿತು. ಮಧ್ಯಾಹ್ನ ಊಟವಾದ ಮೇಲೆ ಎರಡು ಗಂಟೆ ಅದೇ ಕೆಲಸ. ಕೈ ನನ್ನದು, ಇಂಗ್ಲಿಷು ಅವರದು. ಅವರು "ಮೇಲೆ, ಎಡಕ್ಕೆ, ಅಲ್ಲಲ್ಲ ಇನ್ನೊಂದು ಎಡಕ್ಕೆ, ಒತ್ತು" ಎನ್ನುವರು, ನಾನು ಮೌಸು ಒತ್ತುವೆ. "ರೊಟ್ಟಿ ತಟ್ಟೋ ಹಾಗೆ ಬಡೀಬೇಡ ಕಣೇ, ಅದು ಇಲಿ" ಎಂದು ಬೈಯುವರು.

ಮೊದಲು ಮಗಳ ಮರಣಪತ್ರ ತರಿಸಿದೆವು. ಎಲ್ಲರಿಗೂ ಕೊಡುವುದಿಲ್ಲ, ತಾಯಿಗೆ ಕೊಡುತ್ತಾರೆ. ಅರ್ಜಿ ತುಂಬಿ, ನಾನು ತಾಯಿ ಹೌದು ಎಂದು ನೋಟರಿಯ ಎದುರು ಪ್ರಮಾಣ ಮಾಡಿ ಸಹಿ ಹಾಕಬೇಕು. ನನ್ನ ಮಗಳಿಗೆ ನಾನು ತಾಯಿ ಎಂದು ಪ್ರಮಾಣ ಮಾಡಿದೆ. ಐದು ವಾರದ ಮೇಲೆ ಲಾಸ್ ಏಂಜಲೀಸಿನಿಂದ ಲಕೋಟೆ ಬಂತು. ಅಂಚಿಗೆ ಬಣ್ಣದ ಚಿತ್ತಾರವಿದ್ದ, ಲಗ್ನಪತ್ರಿಕೆಯಂಥ ಕಾಗದ. ಅದರಲ್ಲಿ ಒಂದು ಚೌಕದಲ್ಲಿ ತಾಯಿಯ ಹೆಸರು ಎಂದು ನನ್ನ ಹೆಸರಿತ್ತು. ಇಂಗ್ಲಿಷಿನಲ್ಲಿ ನನ್ನ ಹೆಸರು ಹೇಗಿರುತ್ತದೆಂದು ಪಾಸ್‌ಪೋರ್ಟಿನಿಂದ ಗೊತ್ತಿತ್ತು, ಗುರುತು ಹಿಡಿದೆ. ಆ ಹೆಸರು ಬರೆಸಿದವನು ಅಳಿಯ. ನನ್ನ ಬೈಗುಳ ಕೇಳುತ್ತಿದ್ದ ಆ ದಿನಗಳಲ್ಲೇ ಬರೆಸಿದ್ದಾನೆ.

ಡಾಕ್ಟ್ರಮ್ಮ ಕೆಳಗಿನ ಒಂದು ಚೌಕದ ಮೇಲೆ ಬೆರಳಿಟ್ಟರು.

"ಏನ್ ಬರ್ದೈತ್ರೀ ಅಮ್ಮಾ?"

"ಬೂದಿ ಎಲ್ಲಿಗೆ ಹೋಯ್ತು ಅಂತ ಬರೆಯೋ ಜಾಗ. ಸಮುದ್ರಕ್ಕೆ ಬಿಟ್ರೆ ಸಮುದ್ರ ಅಂತ ಹಾಕ್ತಾರೆ. ಇವನು ಮನೆ ಅಂತ ಹಾಕಿಸಿದಾನೆ. ಮನೇಲೇ ಇಟ್ಕೊಂಡಿದಾನೆ ಕಣೇ."

ನನಗೆ ಮೈಯೆಲ್ಲ ಉರಿಯಿತು. ಬೂದಿಯನ್ನು ನೀರಿಗೆ ಬಿಡದೆ ಮನೆಯೊಳಗೆ ಇಟ್ಟುಕೊಳ್ಳುವುದೆಂದರೇನು? ಅವಳಿಗೆ ಮುಕ್ತಿ ಬೇಡವೇ? ಹೀಗೆಲ್ಲ ಕೂಗಾಡಿದೆ. ಡಾಕ್ಟ್ರಮ್ಮ ತಡೆಯಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಕೂತಾಗ ಬೇರೆ ಥರ ಹೊಳೆಯಿತು. ಬಿಡಲು ಆಗಲಿಲ್ಲ ಅವನಿಗೆ. ಹನ್ನೊಂದು ತಿಂಗಳ ಮಗುವನ್ನೂ ಆ ಬೂದಿಯ ಡಬ್ಬಿಯನ್ನೂ ಇಟ್ಟುಕೊಂಡು ಆ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಕೂತಿದ್ದ. ಅಂಥವನಿಗೆ ನಾನು ಹದಿಮೂರು ದಿನ ಫೋನ್ ಮಾಡಿದೆ.

ಆ ಮರಣಪತ್ರದಲ್ಲಿ ಇದ್ದದ್ದು ಹಳೇ ವಿಳಾಸ. ಬಾಡಿಗೆಗೆ ಇರುವವರ ಗುರುತು ಜಮೀನು ದಾಖಲೆಯಲ್ಲಿ ಇರುವುದಿಲ್ಲ. ಆದರೆ ಇಂಜಿನಿಯರ್ ಮನುಷ್ಯ, ಕೈಯಲ್ಲಿ ಮಗು, ಎಲ್ಲೋ ಸ್ವಂತ ಮನೆ ಮಾಡಿರುತ್ತಾನೆ ಎಂದರು ಡಾಕ್ಟ್ರಮ್ಮ. ಕೌಂಟಿಯ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಮನೆ ಬರುತ್ತದೆ, ಹೆಸರು ಹಾಕಿದರೆ ಮನೆ ಬರುವುದಿಲ್ಲ. ನಮಗೆ ಗೊತ್ತಿದ್ದದ್ದು ಹೆಸರು. ಹೆಸರಿನಿಂದ ಹುಡುಕಬೇಕಾದರೆ ಮನೆ ಮಾರಿದವರು, ಕೊಂಡವರ ಪಟ್ಟಿ ನೋಡಬೇಕು. ಲಾಸ್ ಏಂಜಲೀಸಿನದನ್ನು ಅಲ್ಲಿಗೇ ಹೋಗಿ ನೋಡಬೇಕು.

ಮಗನಿಗೆ ಸೋಮವಾರ ರಜೆ. ವೀಲ್‌ಚೇರ್ ಅವನ ವ್ಯಾನಿಗೆ ಹಾಕಿಕೊಂಡು ಡಾಕ್ಟ್ರಮ್ಮನೂ ಸೇರಿ ಮೂವರೂ ಹೊರಟೆವು. ಆ ಆಫೀಸು ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಹಾಗೆಯೇ, ಗಲಾಟೆಯೊಂದಿಲ್ಲ. ಗೋಡೆಯ ಉದ್ದಕ್ಕೂ ಕಂಪ್ಯೂಟರು, ಯಾರು ಬೇಕಾದರೂ ಕೂತು ನೋಡಬಹುದು. ನಮಗೆ ತೊಂದರೆಯಾದದ್ದು ಅಳಿಯನ ಹೆಸರಿನಿಂದ. ಅವನ ಹೆಸರಿನ ಕೊನೆಗೆ ಕುಮಾರ್ ಎಂದಿದೆ. ನಮ್ಮಲ್ಲಿ ಅದು ಹೆಸರಿನ ಬಾಲ. ಇಲ್ಲಿ ಬಾಲವನ್ನೇ ಮನೆತನದ ಹೆಸರೆಂದು ತಿಳಿದು ಮೊದಲು ಬರೆಯುತ್ತಾರೆ. ಕುಮಾರ್ ಎಂದು ಹೊಡೆದರೆ ಪಂಜಾಬಿನವರು, ಬಿಹಾರದವರು, ಆಂಧ್ರದವರು, ನಮ್ಮವರು ಎಲ್ಲ ಒಟ್ಟಿಗೆ ಇಳಿದರು. ಪುಟ ಸರಿಸಿದಷ್ಟೂ ಕುಮಾರರು.

"ಇದೇನಮ್ಮ, ಇಡೀ ಇಂಡಿಯಾನೇ ನಿನ್ನ ಅಳಿಯ" ಎಂದರು ಡಾಕ್ಟ್ರಮ್ಮ.

ಪೂರ್ತಿ ಹೆಸರು ಹೊಂದುವವರನ್ನು ಆರಿಸಿ ಒಂದೊಂದೇ ಕ್ರಯಪತ್ರ ತೆರೆದೆವು. ಇಲ್ಲಿಯ ಪತ್ರದಲ್ಲಿ ಕೊಂಡವನಿಗೆ ಮದುವೆಯಾಗಿದೆಯೋ ಇಲ್ಲವೋ ಎಂದೂ ಬರೆಯುತ್ತಾರೆ. ಹೆಂಡತಿ ಇದ್ದವರನ್ನೆಲ್ಲ ಬಿಟ್ಟೆವು. ನಾಲ್ಕು ಸೋಮವಾರ ಹೋಗಿ ಬಂದ ಮೇಲೆ ಕೊನೆಗೆ ಉಳಿದದ್ದು ಅಲ್ಲೇ ಹತ್ತಿರದ ಪೊಮೊನಾ ಎಂಬ ಊರಿನ ಒಂದು ಮನೆ. ಮದುವೆಯಾಗದ ಗಂಡಸು ಎಂದಿತ್ತು, ಹೆಂಡತಿ ಇಲ್ಲದವನನ್ನೂ ಹಾಗೇ ಬರೆದಿರಬಹುದು ಎಂದುಕೊಂಡೆವು. ಇವನೇ ಇರಬಹುದೆಂದು ಅವತ್ತೇ ನೇರವಾಗಿ ಅಲ್ಲಿಗೆ ಹೋದೆವು.

ಆ ಮನೆಯ ಜಗುಲಿಯಲ್ಲಿ ಮೂರು ಚಕ್ರದ ಗುಲಾಬಿ ಸೈಕಲ್ಲು ನಿಂತಿತ್ತು. ಮಗ ವ್ಯಾನ್ ನಿಲ್ಲಿಸುವ ಮೊದಲೇ ಇಳಿದು ಹೋಗಿ ಗಂಟೆ ಒತ್ತಿದೆ, ಬಾಗಿಲನ್ನೂ ಬಡಿದೆ. ಒಬ್ಬ ಹೆಂಗಸು ತೆಗೆದಳು. ಅವಳ ಹಿಂದೆ ನಾಲ್ಕೈದು ವರ್ಷದ ಹುಡುಗಿ. ನಾನು ಕಾಗದ ಹಿಡಿದುಕೊಂಡು ಅಳುತ್ತ ಮಗುವಿನ ಕಡೆ ಕೈಚಾಚಿದೆ. ಆ ತಾಯಿ ಮಗುವನ್ನು ಹಿಂದಕ್ಕೆ ಎಳೆದುಕೊಂಡು ಗಂಡನನ್ನು ಕೂಗಿದಳು. ಬಂದವನು ಬಿಹಾರದ ಕಡೆಯ ಮೇಷ್ಟರು. ಮನೆ ಕೊಂಡಾಗ ಮದುವೆಯಾಗಿರಲಿಲ್ಲವಂತೆ, ಆಮೇಲೆ ಆಯಿತಂತೆ. ವಿಷಯ ತಿಳಿದ ಮೇಲೆ ಒಳಗೆ ಕರೆದು ನೀರು ಕೊಟ್ಟರು. ನೀರು ಕುಡಿಯುವಷ್ಟು ಹೊತ್ತೂ ಆ ತಾಯಿ ಮಗುವಿನ ಕೈ ಬಿಡಲಿಲ್ಲ.

ಅದಾದ ಮೇಲೆ ನಾನು ಕಂಪ್ಯೂಟರಿನ ಹತ್ತಿರ ಹೋಗುವುದನ್ನೇ ಬಿಟ್ಟೆ. ಡಾಕ್ಟ್ರಮ್ಮ ಕರೆದರೂ ಪಾತ್ರೆ ಇದೆ, ಬಟ್ಟೆ ಇದೆ ಎನ್ನುತ್ತಿದ್ದೆ. ಚಳಿಗಾಲ ಪೂರ್ತಿ ಹಾಗೇ ಕಳೆಯಿತು.

ಒಂದು ದಿನ ಪೋಸ್ಟಿನಲ್ಲಿ ಬಂದ ಕಾಗದ ಒಡೆದು ಅವರ ಮುಂದಿಟ್ಟೆ. ಮನೆ ಕಂದಾಯದ ಕಾಗದ. ಮೇಲಿದ್ದ ಹೆಸರು ಉದ್ದಕ್ಕಿತ್ತು.

"ಇದು ನಿಮ್ಮ ಹೆಸರಲ್ಲಲ್ರೀ ಅಮ್ಮಾ?"

"ಈ ಮನೆ ನನ್ನ ಹೆಸರಲ್ಲಿಲ್ಲ ಕಣೇ, ಟ್ರಸ್ಟ್ ಹೆಸರಲ್ಲಿದೆ. ನಾನು ಸತ್ತ ಮೇಲೆ ಕೋರ್ಟಿಗೆ ಅಲೆಯೋ ಹಾಗಿರಬಾರದು ಅಂತ ಮಾಡಿಡ್ತಾರೆ. ಮಕ್ಕಳಿರೋರು, ಒಂಟಿ ಇರೋರು, ಎಲ್ಲಾ ಮಾಡಿಸ್ತಾರೆ."

"ಆ ಟ್ರಸ್ಟಿಗೆ ಹೆಸರು ಯಾರಿಡ್ತಾರೆ?"

"ನಾವೇ. ಏನ್ ಬೇಕಾದ್ರೂ ಇಡಬಹುದು. ನಾನು ನಮ್ಮಪ್ಪನ ಹೆಸರಿಟ್ಟೆ." ಹೀಗೆಂದವರು ನನ್ನ ಮುಖ ನೋಡಿದರು. "ಏ, ಸೋಮವಾರ ವ್ಯಾನ್ ತರೋಕೆ ನಿನ್ನ ಮಗನಿಗೆ ಹೇಳು."

ಒಂಟಿ ಗಂಡಸು, ಚಿಕ್ಕ ಮಗು. ತನಗೇನಾದರೂ ಆದರೆ ಎಂದು ಅವನಿಗಿಂತ ಹೆಚ್ಚು ಹೆದರಿದವರು ಯಾರಿದ್ದಾರೆ? ಟ್ರಸ್ಟ್ ಮಾಡಿಸಿಯೇ ಇರುತ್ತಾನೆ. ಆ ಸೋಮವಾರ ಲಾಸ್ ಏಂಜಲೀಸಿಗೆ ಹೋಗಿ ಮಗಳ ಹೆಸರು ಹಾಕಿ ನೋಡಿದೆವು, ಮೊಮ್ಮಗಳದು ಹಾಕಿದೆವು. ಇಲ್ಲ. ಆಗ ನಾನು, ಮನೆಗೆ ನಾವು ಇಡುವುದು ಮನೆದೇವರ ಹೆಸರನ್ನಲ್ಲವೇ ಎಂದೆ. ನಮ್ಮ ಓಣಿಯಲ್ಲಿ ಎಲ್ಲರ ಬಾಗಿಲ ಮೇಲೂ ದೇವರ ಹೆಸರಿನ ನಿಲಯವೇ. ಇಲ್ಲಿ ಗೋಡೆಗೆ ಹೆಸರು ಬರೆಸುವ ಪದ್ಧತಿ ಇಲ್ಲ, ಕಾಗದದಲ್ಲಿ ಇಟ್ಟಿರಬಹುದು. ಅಳಿಯನ ಮನೆದೇವರು ಗಿರಿರಂಗಪ್ಪ. ಲಗ್ನಪತ್ರಿಕೆಯ ಮೊದಲ ಪ್ರತಿಯನ್ನು ಆ ದೇವರ ಮುಂದೆ ಇಟ್ಟು ಬಂದವಳು ನಾನೇ. ಮಗನನ್ನು ಕರೆದುಕೊಂಡು ಇನ್ನೊಂದು ಸೋಮವಾರ ಲಾಸ್ ಏಂಜಲೀಸಿಗೆ ಹೋಗಿ ಗಿರಿರಂಗಪ್ಪನನ್ನು ಹುಡುಕಿದೆವು. ಅದೂ ಇಲ್ಲ.

ವಾಪಸು ಹೊರಟೆವು. ಸ್ಯಾನ್ ಡಿಯಾಗೋ ಹತ್ತಿರ ಬಂದಾಗ ಮಗ, "ಅವ್ವಾ, ಅವಳು ಬಸುರಿ ಇದ್ದಾಗ ಏನೋ ಹರಕೆ ಹೊತ್ತಿದ್ಲಲ್ಲ, ಏನದು?" ಎಂದ.

ಮಗಳು ಫೋನಿನಲ್ಲಿ ಹೇಳಿದ್ದಳು. "ಅವ್ವಾ, ಮಗು ಚೆಂದಾಗಿ ಹುಟ್ಲಿ. ನಾವು ಸ್ವಂತ ಮನೆ ಮಾಡಿದ್ರೆ ನಮ್ಮ ಕರಿಯಮ್ಮನ ಹೆಸರಿಡ್ತೀನಿ ಅಂತ ಬೇಡ್ಕೊಂಡೀನಿ." ನಾನು ಗದರಿದ್ದೆ. ಮದುವೆಯಾದ ಮೇಲೆ ಗಂಡನ ಮನೆ ದೇವರೇ ದೇವರು, ತವರು ದೇವರ ಹೆಸರನ್ನು ಗಂಡನ ಮನೆಗೆ ಯಾರಾದರೂ ಇಡುತ್ತಾರೆಯೇ, ನಿನ್ನ ಗಂಡ ಒಪ್ಪುತ್ತಾನೆಯೇ ಎಂದು. ಗದರಿ, ಮರೆತೂ ಬಿಟ್ಟಿದ್ದೆ.

ಮರುದಿನ ಡಾಕ್ಟ್ರಮ್ಮ, ಲಾಸ್ ಏಂಜಲೀಸಿಗೆ ಹೋಗುವ ಮೊದಲು ಇಲ್ಲಿಯದನ್ನೇ ನೋಡೋಣ ಎಂದರು. ಸ್ಯಾನ್ ಡಿಯಾಗೋದ ಪಟ್ಟಿಯನ್ನು ಮನೆಯಲ್ಲೇ ಕೂತು ನೋಡಬಹುದು. ನಮ್ಮಿಂದ ಓಡಿಹೋದವನು ನಮ್ಮೂರಿಗೇ ಬರುತ್ತಾನೆಂದು ಯಾರು ನೆನೆಸುತ್ತಾರೆ? ಅದಕ್ಕೇ ಇಷ್ಟು ದಿನ ಇಲ್ಲಿ ನೋಡಿರಲಿಲ್ಲ. ಅವರು ಒಂದೊಂದೇ ಅಕ್ಷರ ತೋರಿಸಿದರು, ನಾನು ಒತ್ತಿದೆ. ಒಂದೇ ಒಂದು ಸಾಲು ಬಂತು. ಕರಿಯಮ್ಮ ಫ್ಯಾಮಿಲಿ ಟ್ರಸ್ಟ್.

ಪಟ್ಟಿಯಲ್ಲಿ ಬರೀ ಹೆಸರು, ನಂಬರು. ಪತ್ರದ ನಕಲು ಬೇಕಾದರೆ ಕರ್ನಿ ಮೆಸಾದ ಕೌಂಟಿ ಆಫೀಸಿಗೆ ಹೋಗಬೇಕು. ಮಗನ ಹೋಟೆಲಿನಿಂದ ಅಷ್ಟು ದೂರವೇನಿಲ್ಲ, ಡಾಕ್ಟ್ರಮ್ಮನೂ ನಾನೂ ಬಸ್ಸಿನಲ್ಲೇ ಹೋದೆವು. ಕೌಂಟರಿನ ಹುಡುಗಿ ನಕಲು ತಂದು ಕೊಟ್ಟಳು. ಎಡಗಡೆ ಮೇಲೆ, ನೋಂದಣಿಯಾದ ಮೇಲೆ ಪತ್ರವನ್ನು ಯಾರಿಗೆ ಕಳಿಸಬೇಕೆಂಬ ವಿಳಾಸವಿತ್ತು. ಅಳಿಯನ ಹೆಸರು. ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ಬೀದಿ.

ಡಾಕ್ಟ್ರಮ್ಮ ಪತ್ರವನ್ನು ಎಡಗೈಯಲ್ಲಿ ಹಿಡಿದು ಓದುತ್ತಿದ್ದವರು ನಿಲ್ಲಿಸಿದರು. "ಮದುವೆಯಾದೋನು ಅಂತಾನೂ ಇಲ್ಲ, ಆಗದೋನು ಅಂತಾನೂ ಇಲ್ಲ. ಹೆಂಡತಿ ಸತ್ತೋನು ಅಂತ ಬರೆಸಿದಾನೆ" ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಅವಳ ಹರಕೆಯನ್ನು ನಾನು ಗದರಿದ್ದೆ, ಅವನು ತೀರಿಸಿದ್ದ.

ಫೋನ್ ಮಾಡಿ ತಿಳಿಸಿದ ಕೂಡಲೇ ಮಗ ಹೋಟೆಲಿನಿಂದ ಏಪ್ರನ್‌ನಲ್ಲೇ ಓಡಿ ಬಂದ. "ಈಗಲೇ ಹೋಗೋಣ ನಡಿ ಅವ್ವಾ. ವ್ಯಾನ್ ತೆಗೀತೀನಿ."

ಬೇಡ ಎಂದೆ.

"ಬೇಡ? ವರ್ಷದ ಮೇಲಾಯ್ತು ನಾವು ಬೀದಿ ಬೀದಿ ತಿರುಗ್ತಿರೋದು! ಈಗ ಬೇಡ ಅಂದ್ರೆ?"

"ಪೊಮೊನಾದಾಗ ಆ ತಾಯಿ ಮಗೂನ್ನ ಹೆಂಗೆ ಎಳ್ಕೊಂಡ್ಲು ನೋಡಿದ್ಯಲ್ಲಪ್ಪ. ನನ್ನ ಮೊಮ್ಮಗಳು ನನ್ನನ್ನ ಮೊದಲ್ನೇ ಸಲ ಹಂಗೆ ನೋಡೋದು ಬ್ಯಾಡ. ನಾನು ಅವನಿಗೆ ಬಾಗಿಲು ಬಡಿದಿದ್ದು ಸಾಕು. ಈಗ ಅವನು ತೆಗೆದ್ರೆ ತೆಗೀಲಿ."

ಮಗ ಸಿಟ್ಟಿನಿಂದ ಹೋದ. ಡಾಕ್ಟ್ರಮ್ಮ ಮಾತ್ರ, "ನಾಲ್ಕನೇ ಕ್ಲಾಸಿಗೆ ಇಷ್ಟು ಬುದ್ಧಿ ಇದ್ರೆ ಸಾಕು" ಎಂದರು.

ಪತ್ರವನ್ನು ನಾನೇ ಬರೆದೆ. ಡಾಕ್ಟ್ರಮ್ಮ ತಿದ್ದಲಿಲ್ಲ, ಒತ್ತು ದೀರ್ಘ ಹೇಗಿದೆಯೋ ಹಾಗೇ ಇರಲಿ ಎಂದರು. ಬರೆದದ್ದು ಇಷ್ಟೇ. ಅಪ್ಪಾ, ಅವತ್ತು ನಾನು ಆಡಿದ್ದು ಪಾಪದ ಮಾತು. ನೀನು ಅವಳ ಹರಕೆ ತೀರಿಸಿದ್ದು ಕಾಗದದಲ್ಲಿ ನೋಡಿದೆ. ನಿನ್ನ ವಿಳಾಸ ನಿನ್ನನ್ನು ಕೇಳದೆ ಹುಡುಕಿದ್ದಕ್ಕೂ ಕ್ಷಮಿಸು. ನಾನು ಬರುವುದಿಲ್ಲ. ಮಗುವನ್ನು ತೋರಿಸು ಎಂದು ಕೇಳುವುದಿಲ್ಲ. ನಿನಗೆ ಮನಸ್ಸು ಬಂದರೆ ನಾನು ನಿನ್ನ ಭಾವನ ಮನೆಯಲ್ಲಿದ್ದೇನೆ. ಕೆಳಗೆ ಹೋಟೆಲಿನ ಫೋನ್ ನಂಬರು ಬರೆದೆ.

ಒಂದು ವಾರ, ಎರಡು ವಾರ, ಏಳು ವಾರ. ನಾನು ಕೆಲಸಕ್ಕೆ ಹೋಗಿ ಬಂದೆ, ಕೈ ನೀವಿದೆ, ಚೆಂಡು ಅಮುಕಿಸಿದೆ. ಉತ್ತರ ಬರಲಿಲ್ಲ. ಸೊಸೆ ಏನೂ ಕೇಳದೆ ನನ್ನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಹೋಗಿ ಬಾಗಿಲಲ್ಲಿ ನಿಂತುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಒಂದು ಸಲ ಬಸ್ ಸ್ಟಾಪಿನವರೆಗೂ ಹೋಗಿ ತಿರುಗಿ ಬಂದೆ.

ಮೊನ್ನೆ ಶನಿವಾರ ಮಧ್ಯಾಹ್ನ, ಹೋಟೆಲಿನಲ್ಲಿ ಜನ ಕಿಕ್ಕಿರಿದಿದ್ದಾಗ ಫೋನು ಬಂತಂತೆ. "ಭಾವ, ಅತ್ತೆ ಇದಾರಾ?" ಅಂದನಂತೆ. ಕಾವಲಿಯ ಮೇಲೆ ನಾಲ್ಕು ದೋಸೆ ಕರಕಲಾದವು ಎಂದು ಮಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ.

ನಿನ್ನೆ ಮಧ್ಯಾಹ್ನ ಬಂದರು. ಅಳಿಯನ ತಲೆ ಅರ್ಧ ನರೆತಿದೆ. ಬಾಗಿಲಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿದ. ಕ್ಷಮಿಸಪ್ಪಾ ಎಂದು ನಾನು ಬಾಯಿ ತೆಗೆದರೆ ತಡೆದ.

"ಅತ್ತೆ, ನೀವು ಹೇಳಿದ್ದು ಸುಳ್ಳಾಗಿದ್ರೆ ನಾನು ಫೋನ್ ಎತ್ತುತಿದ್ದೆ. ಅದನ್ನೇ ದಿನಾ ನನಗೆ ನಾನು ಹೇಳ್ಕೋತಿದ್ದೆ. ಇನ್ನೊಬ್ಬರ ಬಾಯಲ್ಲಿ ಕೇಳೋಕಾಗ್ಲಿಲ್ಲ."

"ಸುಳ್ಳು ಕಣಪ್ಪಾ ಅದು. ಸುಳ್ಳು" ಎಂದೆ. ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ.

ಭಾವನ ಹತ್ತಿರ ಇರಬೇಕೆಂದೇ ಮೂರು ವರ್ಷದ ಹಿಂದೆ ಈ ಊರಿಗೆ ಬಂದನಂತೆ. ಎರಡು ಸಲ ಹೋಟೆಲಿನ ಮುಂದೆ ಕಾರು ನಿಲ್ಲಿಸಿ, ಇಳಿಯಲಾಗದೆ ಹೊರಟು ಹೋದನಂತೆ. ಮಗಳ ಬೂದಿ ಇನ್ನೂ ಅವನ ಮನೆಯಲ್ಲೇ ಇದೆ. ನೀರಿಗೆ ಬಿಡು ಎಂದು ನಾನು ಹೇಳಲಿಲ್ಲ. "ಯಾವಾಗ ಹೋಗೋಣ ಅಂತ ನೀವೇ ಹೇಳಿ ಅತ್ತೆ, ಒಬ್ಬನೇ ಹೋಗೋಕೆ ನನಗಾಗಲ್ಲ" ಎಂದು ಅವನೇ ಹೇಳಿದ.

ಹುಡುಗಿ ಅಪ್ಪನ ಹಿಂದೆಯೇ ನಿಂತಿದ್ದಳು. ನಾನು ಕರೆಯದೆ ಅಡಿಗೆಮನೆಗೆ ಹೋದೆ. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರ ಬಂದು ನಿಂತಳು, ಆಮೇಲೆ ಕಟ್ಟೆಯ ಪಕ್ಕಕ್ಕೆ ಬಂದಳು. ನನ್ನ ಕೈ ಹಿಟ್ಟಾಗಿತ್ತು. ತೊಳೆದು, ಒರೆಸಿ, ಆಗ ಅವಳ ಕೆನ್ನೆ ಮುಟ್ಟಿದೆ. ಅವಳು ಹಿಂದಕ್ಕೆ ಸರಿಯಲಿಲ್ಲ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗ, ಸೊಸೆ, ಅವರ ಇಬ್ಬರು ಮಕ್ಕಳು, ಅಳಿಯ, ಮೊಮ್ಮಗಳು. ಡಾಕ್ಟ್ರಮ್ಮನನ್ನೂ ಕರೆತಂದಿದ್ದೆವು. ಮೇಜು ಸಾಲದೆ ನೆಲದ ಮೇಲೆ ಚಾಪೆ ಹಾಸಿದೆವು, ಅವರೊಬ್ಬರು ವೀಲ್‌ಚೇರಿನಲ್ಲಿ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು. ನಾನು ಕೂರದೆ ಬಡಿಸುತ್ತಲೇ ಇದ್ದೆ. ಅಳಿಯ ಎದ್ದು ನನ್ನ ಕೈಯಿಂದ ಸೌಟು ತೆಗೆದುಕೊಂಡು, "ಕೂತ್ಕೊಳ್ಳಿ ಅತ್ತೆ, ನಾನು ಬಡಿಸ್ತೀನಿ" ಎಂದ. ಮೊಮ್ಮಗಳ ಪಕ್ಕದಲ್ಲಿ ಕೂತೆ.

ಗಡಿಬಿಡಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು. ಮಗ ತಲೆ ತಗ್ಗಿಸಿ ಉಂಡ, ಸೊಸೆ ಉಂಡಳು, ಅಳಿಯ ಇನ್ನೊಂದು ಸೌಟು ಹಾಕಿಕೊಂಡ. ಡಾಕ್ಟ್ರಮ್ಮ ಕೂಡ ಬಾಯಿ ಬಿಡಲಿಲ್ಲ. ಹುಡುಗಿ ಮಾತ್ರ ಒಂದು ತುತ್ತು ನುಂಗಿ, ಮುಖ ಕಿವುಚಿ, ನನ್ನ ಸೆರಗು ಜಗ್ಗಿ, "ಅಜ್ಜೀ, ಟೂ ಸಾಲ್ಟಿ" ಎಂದಳು.

ಅಜ್ಜಿ ಎಂದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಹಾಕಿ ಕಲಸಿದೆ. ಅವಳು ನೀರು ಕುಡಿದು, ಬಾಯಿ ತೆರೆದಳು.